ಚಾರ್ವಾಕ ಸೋತ ಮೇಲೆಯೇ ಊಟ

ನನಗೊಂದು ಅಭ್ಯಾಸವಿದೆ, ಮನೆಯಲ್ಲಿ ಅದನ್ನು ರೋಗ ಎನ್ನುತ್ತಾರೆ. ಮಳೆ ಬರುತ್ತಿದೆ ಎಂದು ಫೋನು ಹೇಳಿದರೆ ನಾನು ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡುತ್ತೇನೆ. ನೀರಿನ ಲಾರಿ ಬಂತು ಎಂದು ವಾಚ್‌ಮನ್ ಕೂಗಿದರೆ ಕೆಳಗಿಳಿದು ಹೋಗಿ ಪೈಪು ಮುಟ್ಟಿ ಬರುತ್ತೇನೆ. ಹಾಲು ಕೆಟ್ಟಿಲ್ಲವೆಂದು ಹೆಂಡತಿ ಆಣೆ ಮಾಡಿದ ಮೇಲೂ ಒಂದು ಚಮಚ ಬಾಯಿಗೆ ಬಿಟ್ಟುಕೊಂಡೇ ಕಾಫಿಗೆ ಒಪ್ಪುತ್ತೇನೆ. "ನಾನು ಸತ್ತೆ ಅಂತ ಡಾಕ್ಟರೇ ಹೇಳಿದ್ರೂ ಇವರು ನನ್ನ ಮೂಗಿನ ಹತ್ರ ಬೆರಳಿಟ್ಟು ನೋಡಿ ಆಮೇಲೇ ಅಳೋದು" ಎಂದು ಅವಳು ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಬಂದವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅವಳು ಹೇಳುವುದು ನಿಜ, ಬೆರಳಿಟ್ಟೇ ನೋಡುತ್ತೇನೆ.

ಗಿಂಡಿಯ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳನ್ನು ಅಳೆದು ಪಾಸು, ಫೇಲು ಎಂದು ಹೇಳುವ ಕೆಲಸದಲ್ಲಿ ತಲೆಗೂದಲು ಬೆಳ್ಳಗಾದವನು ನಾನು. ಚಟ ಅಲ್ಲಿಂದ ಅಂಟಿತು ಎಂದು ನೀವು ಅಂದುಕೊಂಡರೆ ತಪ್ಪು. ಕೆಲಸ ಸಿಗುವ ಎಷ್ಟೋ ಮೊದಲೇ, ಮೀಸೆ ಮೂಡುವುದಕ್ಕೂ ಮೊದಲು, ನಾನು ಚಾರ್ವಾಕನಾಗಿದ್ದೆ. ಸ್ವಂತ ಇಚ್ಛೆಯಿಂದಲ್ಲ, ನನ್ನನ್ನು ನೇಮಿಸಿದ್ದರು.

ಚಾರ್ವಾಕ ಎಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ತುಪ್ಪ. ಸಾಲ ಮಾಡಿಯಾದರೂ ತುಪ್ಪ ತಿಂದು ಮಜಾ ಮಾಡಿ ಎಂದು ಹೇಳಿದ ಹೊಟ್ಟೆಬಾಕ ಎಂಬಲ್ಲಿಗೆ ಅವನ ಕಥೆ ಮುಗಿಯಿತು. ಅವನು ಹೇಳಿದ್ದು ಅಷ್ಟೇ ಅಲ್ಲ ಸ್ವಾಮಿ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮಕ್ಕೆ ಸಿಕ್ಕಿದ್ದೇ ನಿಜ. ಭೂಮಿ, ನೀರು, ಬೆಂಕಿ, ಗಾಳಿ ಸೇರಿ ದೇಹವಾಯಿತು. ದೇಹ ಹೋದ ಮೇಲೆ ಹಿಂದೆ ಉಳಿದು ಊರೂರು ತಿರುಗುವ ಆತ್ಮ ಎಂಬುದಿಲ್ಲ. ಮುಂದೊಂದು ಲೋಕವಿಲ್ಲ, ಹಿಂದೊಂದು ಜನ್ಮವಿರಲಿಲ್ಲ. ಇಷ್ಟನ್ನೂ ಅವನ ಪಂಥದವರು ಈ ನೆಲದಲ್ಲೇ ನಿಂತು, ಯಾವ ವಿದೇಶಿ ಪುಸ್ತಕವನ್ನೂ ಓದದೆ, ಯಾವುದೋ ಕಾಲದಲ್ಲಿ ಹೇಳಿಬಿಟ್ಟಿದ್ದರು. ಲೋಕಾಯತರು ಎಂದು ಇನ್ನೊಂದು ಹೆಸರು. ಅವರು ಬರೆದ ಗ್ರಂಥಗಳು ಮಾತ್ರ ನಮ್ಮ ಕೈಗೆ ಬರಲಿಲ್ಲ. ಇವತ್ತು ನಮಗೆ ಅವರ ಬಗ್ಗೆ ಗೊತ್ತಿರುವುದರಲ್ಲಿ ಬಹುಪಾಲು ಅವರನ್ನು ಬೈಯಲು ಕೂತವರು ಬರೆದಿಟ್ಟದ್ದು. ಬೀದಿ ನಲ್ಲಿಯ ಹತ್ತಿರ ನಿಮ್ಮ ಜೊತೆ ಕೊಡಕ್ಕಾಗಿ ಜಗಳವಾಡಿದವಳ ಹತ್ತಿರ ನಿಮ್ಮ ಜೀವನಚರಿತ್ರೆ ಬರೆಸಿದ ಹಾಗೆ.

ಈಗ ನನ್ನ ನೇಮಕದ ವಿಷಯಕ್ಕೆ ಬರುತ್ತೇನೆ. ನಮ್ಮದು ತಲೆಮಾರುಗಳಿಂದ ಮದರಾಸಿನಲ್ಲೇ ಬೇರು ಬಿಟ್ಟ ಕನ್ನಡದ ವೈಷ್ಣವ ಕುಟುಂಬ. ಪಶ್ಚಿಮ ಮಾಂಬಲಂನ ಒಂದು ಗಲ್ಲಿಯಲ್ಲಿ ನಮ್ಮವರದೇ ಸಣ್ಣ ಸಭಾಭವನವಿದೆ. ಅಲ್ಲಿ ವರ್ಷಕ್ಕೊಮ್ಮೆ ಉತ್ಸವದ ಕೊನೆಯ ದಿನ ಒಂದು ವಾದಸಭೆ. ಒಬ್ಬ ಚಾರ್ವಾಕನಾಗಿ ತಗ್ಗಿನ ಮಣೆಯ ಮೇಲೆ ಕೂರಬೇಕು. ದೇವರಿಲ್ಲ, ಪರಲೋಕವಿಲ್ಲ, ಪೂರ್ವಜನ್ಮವಿಲ್ಲ ಎಂದು ಅಬ್ಬರಿಸಬೇಕು. ಇದು ಪೂರ್ವಪಕ್ಷ. ಎದುರಿಗೆ ಎತ್ತರದ ಮಣೆಯ ಮೇಲೆ ಕೂತ ಸಿದ್ಧಾಂತಿ ಅವನ ಮಾತುಗಳನ್ನು ಒಂದೊಂದಾಗಿ ಕತ್ತರಿಸಿ ಹಾಕಬೇಕು. ಕೊನೆಗೆ ಸಿದ್ಧಾಂತಿ "ಉತ್ತರವಿದೆಯೇ?" ಎಂದು ಕೇಳುತ್ತಾನೆ. ಚಾರ್ವಾಕ ತಲೆ ತಗ್ಗಿಸಿ "ನಿರುತ್ತರ" ಎಂದು ಹೇಳಿ ಅಡ್ಡ ಬೀಳುತ್ತಾನೆ. ಗಂಟೆ ಹೊಡೆಯುತ್ತಾರೆ. ಆ ಗಂಟೆಯಾದ ಮೇಲೆಯೇ ಎಲೆ ಹಾಕುವುದು. ಚಾರ್ವಾಕ ಸೋಲದೆ ಊಟವಿಲ್ಲ, ಇದು ನಮ್ಮ ಸಭೆಯ ಕಟ್ಟಳೆ.

ನನ್ನನ್ನು ಈ ಕೆಲಸಕ್ಕೆ ಆರಿಸಿದವರು ಶೇಷಾಚಾರ್ಯರು. ಆಗ ನಾವೂ ಅವರೂ ಕ್ರೋಂಪೇಟೆಯಲ್ಲಿ ಒಂದೇ ಬೀದಿಯಲ್ಲಿದ್ದೆವು. ಸಂಜೆ ಹೊತ್ತು ಅವರ ಜಗಲಿಯಲ್ಲಿ ಹುಡುಗರಿಗೆ ಪಾಠ. ಗಾಳಿ ತಿರುಗಿದರೆ ಚರ್ಮ ಹದ ಮಾಡುವ ಕಾರ್ಖಾನೆಗಳ ಕಡೆಯಿಂದ ಘಾಟು ನುಗ್ಗಿ ಬರುತ್ತಿತ್ತು. ಉಳಿದವರು ಮೂಗು ಮುಚ್ಚಿಕೊಂಡು ಶ್ಲೋಕ ಹೇಳುತ್ತಿದ್ದರು; ನಾನು ಮಾತ್ರ ಒಂದು ದಿನ, "ಆಚಾರ್ರೇ, ಈ ಜಗತ್ತು ದೇವರು ಮಾಡಿದ್ದು ಅಂತೀರಲ್ಲ, ಈ ನಾತ?" ಎಂದು ಕೇಳಿದೆ. ಬೇರೆ ಯಾರಾದರೂ ಆಗಿದ್ದರೆ ಕಿವಿ ಹಿಂಡುತ್ತಿದ್ದರು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏಯ್ ಸೀನು, ಈ ಬಾಯಿ ಸುಮ್ನೆ ವೇಸ್ಟ್ ಆಗಬಾರದು ಕಣೋ. ಈ ವರ್ಷದಿಂದ ನೀನೇ ಚಾರ್ವಾಕ" ಎಂದರು.

ಅವರು ಕಲಿಸುವ ರೀತಿ ಬೇರೆಯೇ ಇತ್ತು. ಎದುರಾಳಿಯ ಮಾತನ್ನು ಎದುರಾಳಿಗಿಂತ ಚೆನ್ನಾಗಿ ಹೇಳಲು ಬರದವನಿಗೆ ಅದನ್ನು ಖಂಡಿಸುವ ಹಕ್ಕಿಲ್ಲ ಎಂಬುದು ಅವರ ಪಟ್ಟು. ಹೀಗಾಗಿ ಸೋಲುವುದಕ್ಕೆಂದೇ ನೇಮಕವಾದ ನನಗೆ ಗೆಲ್ಲುವ ಪಾಠವನ್ನೆಲ್ಲ ತಲೆಗೆ ತುಂಬಿದರು. ನಾನು ಎಲ್ಲಿ ತಡವರಿಸಿದರೂ "ಇಷ್ಟು ಸುಲಭಕ್ಕೆ ಬಿಟ್ಟುಕೊಡ್ತೀಯಾ? ಇನ್ನೊಂದು ಪ್ರಶ್ನೆ ಕೇಳೋ!" ಎಂದು ತೊಡೆ ತಟ್ಟುತ್ತಿದ್ದರು. ಅವರು ಮಾಡಿದ ತಪ್ಪು ಇದೊಂದೇ. ನಮ್ಮವರು ಬಿಟ್ಟು ಬೇರೆ ಯಾರೂ ಇಂಥ ತಪ್ಪು ಮಾಡಲಾರರು ಎಂದು ನನಗೆ ಈಗಲೂ ಹೆಮ್ಮೆಯೇ.

ಆ ಪಾಠವನ್ನು ನನಗಿಂತ ಚೆನ್ನಾಗಿ ಕಲಿತವಳು ಇನ್ನೊಬ್ಬಳಿದ್ದಳು. ನನ್ನ ತಂಗಿ ವನಜಾ. ಹೆಣ್ಣುಮಕ್ಕಳಿಗೆ ಪಾಠವಿರಲಿಲ್ಲ, ಅವಳು ನನ್ನನ್ನು ಮನೆಗೆ ಕರೆದುಕೊಂಡು ಹೋಗಲು ಬಂದವಳಂತೆ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಜಡವಾದ ನಾಲ್ಕು ವಸ್ತುಗಳು ಸೇರಿದರೆ ಜೀವ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ನಾನು ಒಂದು ಸಂಜೆ ತೊದಲುತ್ತಿದ್ದೆ. ಅವಳು ಒಳಗೆ ಹೋಗಿ ಆಚಾರ್ಯರ ಹೆಂಡತಿಯಿಂದ ಚಿಟಿಕೆ ಅರಿಶಿನ, ಚಿಟಿಕೆ ಸುಣ್ಣ ಇಸಿದುಕೊಂಡು ಬಂದು, ಅಂಗೈಯಲ್ಲಿ ನೀರು ಹಾಕಿ ಕಲಸಿ ತೋರಿಸಿದಳು. ಆರತಿಯ ನೀರಿನ ಆ ಕೆಂಪು. "ಅರಿಶಿನದಲ್ಲಿ ಕೆಂಪಿಲ್ಲ. ಸುಣ್ಣದಲ್ಲಿ ಕೆಂಪಿಲ್ಲ. ಸೇರಿದ ಮೇಲೆ ಬಂತಲ್ಲ, ಎಲ್ಲಿಂದ ಬಂತು ಆಚಾರ್ರೇ?" ಎಂದಳು. ಆಚಾರ್ಯರು ಆ ಅಂಗೈಯನ್ನು ಹಿಡಿದು ಬಹಳ ಹೊತ್ತು ನೋಡಿದರು. "ಇದನ್ನ ಸಭೆಯಲ್ಲಿ ಹೇಳೋ ಸೀನು" ಎಂದು ನನಗೆ ಹೇಳಿದರು, ಅವಳಿಗಲ್ಲ.

ಮನೆಯಲ್ಲೂ ನಮ್ಮ ಲೋಕಾಯತ ನಡೆಯುತ್ತಿತ್ತು. ಇಲ್ಲಿ ಇಟ್ಟ ಪಿಂಡ ಪರಲೋಕದಲ್ಲಿರುವವರಿಗೆ ಮುಟ್ಟುವುದಾದರೆ, ಕೆಳಗೆ ಬಡಿಸಿದ ಊಟ ಮಹಡಿಯಲ್ಲಿರುವವರಿಗೆ ಏಕೆ ಮುಟ್ಟುವುದಿಲ್ಲ ಎಂಬ ಚಾರ್ವಾಕರ ಹಳೆಯ ವಾದವನ್ನು ಕೇಳಿ ಬಂದ ಮರುದಿನವೇ ನಾವಿಬ್ಬರೂ ಪರೀಕ್ಷೆ ಮಾಡಿದೆವು. ತಾತ ಮೇಲೆ ಟೆರೇಸಿನಲ್ಲಿ ಹಪ್ಪಳಕ್ಕೆ ಕಾಗೆ ಕಾಯುತ್ತಿದ್ದರು. ಅವರ ಪಾಲಿನ ಇಡ್ಲಿಯನ್ನು ನಾವು ಕೆಳಗೆ ಕೂತು, ಅವರ ಹೆಸರು ಗೋತ್ರ ಎಲ್ಲ ಹೇಳಿ, ಶ್ರದ್ಧೆಯಿಂದ ತಿಂದು ಮುಗಿಸಿದೆವು. ಆಮೇಲೆ ವನಜಾ ಮೆಟ್ಟಿಲ ಬುಡದಲ್ಲಿ ನಿಂತು, "ತಾತಾ, ಹೊಟ್ಟೆ ತುಂಬಿತಾ?" ಎಂದು ಕೂಗಿದಳು. ತಾತ ಕೋಲು ಹಿಡಿದು ಇಳಿದು ಬಂದರು. ಆ ಕೋಲಿನ ಏಟು ಪ್ರತ್ಯಕ್ಷ ಪ್ರಮಾಣಕ್ಕೆ ಸಿಕ್ಕಿತು, ನನಗೆ ಮಾತ್ರ. ಅವಳು ಓಡಿಹೋಗಿದ್ದಳು.

ಅರಿಶಿನ ಕಲಸಿದ ಅದೇ ಕೈಯಲ್ಲಿ, ಹೈಸ್ಕೂಲಿನ ಹೊತ್ತಿಗೆ, ಮಣಿಕಟ್ಟಿನ ಬಳಿ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಆಮೇಲೆ ಬೆರಳುಗಳಲ್ಲಿ, ಆಮೇಲೆ ತುಟಿಯ ಅಂಚಿನಲ್ಲಿ. ತಾಂಬರಂನ ಡಾಕ್ಟರು ಸಾಫಾಗಿ ಹೇಳಿದರು: ಚರ್ಮದಲ್ಲಿ ಬಣ್ಣ ಮಾಡುವ ಕಣಗಳು ಇಲ್ಲಿ ಕೆಲಸ ನಿಲ್ಲಿಸಿವೆ, ನೋವಿಲ್ಲ, ಮುಟ್ಟಿದರೆ ಹರಡುವುದಿಲ್ಲ, ಮಗು ಆರೋಗ್ಯವಾಗಿದೆ. ಅಪ್ಪ ಅಮ್ಮ ತಲೆಯಾಡಿಸಿದರು. ಬೀದಿ ತಲೆಯಾಡಿಸಲಿಲ್ಲ. ಹಿಂದಿನ ಜನ್ಮದಲ್ಲಿ ಹಾವು ಕೊಂದಿರಬೇಕು ಎಂದರು ಒಬ್ಬರು. ಗುರುನಿಂದೆ ಮಾಡಿರಬೇಕು ಎಂದರು ಇನ್ನೊಬ್ಬರು. ದೇವರ ಬಟ್ಟೆ ಕದ್ದಿರಬೇಕು ಎಂದು ಮತ್ತೊಬ್ಬರು ಪಂಚಾಂಗ ನೋಡಿದವರ ಹಾಗೆ ಖಚಿತವಾಗಿ ಹೇಳಿದರು. ವನಜಾ ಎಲ್ಲವನ್ನೂ ಕೇಳಿಸಿಕೊಂಡು, "ಅಬ್ಬಾ, ಹೋದ ಜನ್ಮದಲ್ಲಿ ನನಗೆ ಒಂದು ಗಳಿಗೆ ಪುರುಸೊತ್ತೇ ಇರ್ಲಿಲ್ಲ ಅನ್ಸುತ್ತೆ ಅಣ್ಣಾ" ಎಂದಳು.

ಅವಳು ನಗಿಸಿದಳೆಂದು ಆದದ್ದೇನೂ ಕಡಿಮೆಯಾಗಲಿಲ್ಲ. ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯುತ್ತಿದ್ದರು, ಆದರೆ ತಾಂಬೂಲವನ್ನು ಕೈಗೆ ಕೊಡದೆ ತಟ್ಟೆಯಲ್ಲಿಟ್ಟು ಅವಳ ಕಡೆ ಸರಿಸುತ್ತಿದ್ದರು. ಹುಡುಗನ ಕಡೆಯವರು ಬಂದು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋದವರು ಊರಿನ ದಾರಿಯನ್ನೇ ಮರೆತರು. ಸಭಾಭವನದಲ್ಲಿ ಅವಳು ಕೊನೆಯ ಪಂಕ್ತಿ. ಅಲ್ಲಿ ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಮೊದಲ ಪಂಕ್ತಿಗೆ ಎದ್ದರೆ "ನಿನಗೇನಮ್ಮ ಅವಸರ, ಆಮೇಲೆ ಆರಾಮಾಗಿ ಕೂತ್ಕೋ" ಎಂದು ಯಾರಾದರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ಈಗ ಅವಳು ಪೆರುಂಗುಡಿಯ ಆಫೀಸಿನಲ್ಲಿ ದೊಡ್ಡ ತಂಡವೊಂದನ್ನು ನಡೆಸುತ್ತಾಳೆ, ಅಲ್ಲೇ ಹತ್ತಿರದಲ್ಲಿ ಸ್ವಂತ ಫ್ಲ್ಯಾಟಿದೆ. ಅವಳ ಕೈ ಕೆಳಗಿನ ಹುಡುಗರು ಅವಳ ಬೈಗುಳಕ್ಕೆ ಹೆದರುತ್ತಾರೆ, ಪೂರ್ವಜನ್ಮಕ್ಕಲ್ಲ. ಆದರೂ ವರ್ಷಕ್ಕೊಮ್ಮೆ ಉತ್ಸವಕ್ಕೆ ಬರುತ್ತಿದ್ದಳು, ಕೊನೆಯ ಪಂಕ್ತಿಯಲ್ಲಿ ಉಂಡು ಹೋಗುತ್ತಿದ್ದಳು.

ನಾನು ಹೆಚ್ಚು ಓದಿದವನಲ್ಲ. ಆದರೆ ಈ ವೇಷಕ್ಕಾಗಿ ಎಷ್ಟೋ ದರ್ಶನಗಳ ಬಾಗಿಲು ತಟ್ಟಿದ್ದೇನೆ. ಒಂದು ಆತ್ಮ ಒಂದೇ ಎಂದಿತು, ಇನ್ನೊಂದು ಹಲವು ಎಂದಿತು. ಒಂದು ದೇವರು ಬೇಕೆಂದಿತು, ಇನ್ನೊಂದು ದೇವರಿಲ್ಲದೆಯೂ ನಡೆಯುತ್ತದೆ ಎಂದಿತು. ಒಂದನ್ನೊಂದು ಹರಿದು ತಿನ್ನುವ ಹಾಗೆ ಜಗಳವಾಡಿದ ಇವರೆಲ್ಲರೂ ಒಂದು ವಿಷಯದಲ್ಲಿ ಮಾತ್ರ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದರು: ಹಿಂದಿನ ಜನ್ಮದ ಕರ್ಮ. ನನ್ನ ತಂಗಿಯ ಕೈ ಹಿಡಿದು ಯಾರ ಮನೆಗೆ ಹೋದರೂ, "ಇವಳು ಏನೋ ಮಾಡಿದ್ದಾಳೆ" ಎಂದೇ ಹೇಳಿ ಕಳಿಸುವವರು. ಅವಳೇನೂ ಮಾಡಿಲ್ಲ, ಮಗು ಮಗುವಾಗಿ ಹುಟ್ಟಿತು, ಅಷ್ಟೇ ಎಂದವನು ಒಬ್ಬನೇ. ಯಾರನ್ನು ಹೊಟ್ಟೆಬಾಕ ಎಂದು ನಗುತ್ತೇವೋ ಅವನು. ನನಗೆ ಅವನ ಮೇಲೆ ಹುಟ್ಟಿದ್ದು ಅಭಿಮಾನವಲ್ಲ, ನೆಂಟಸ್ತಿಕೆ.

ಹಾಗಿದ್ದೂ ವರ್ಷಾ ವರ್ಷಾ ಹೋಗಿ ಅವನ ಪರವಾಗಿ ನಾನು ಸೋಲುತ್ತಿದ್ದೆ. ಏಕೆ ಎಂದು ಕೇಳಬೇಡಿ. ಎದುರಿಗೆ ಕೂತವರು ಶೇಷಾಚಾರ್ಯರು, ಅವರ ಹತ್ತಿರ ಸೋಲುವುದರಲ್ಲಿ ಒಂದು ಸುಖವಿತ್ತು. ಜೊತೆಗೆ ನಮ್ಮ ಸಭೆಯ ಹೋಳಿಗೆಗೆ ಹೆಸರಿದೆ. ಆ ವಾಸನೆ ಬರುವಾಗ ಯಾವ ಚಾರ್ವಾಕ ತಾನೇ ಪೂರ್ವಪಕ್ಷವನ್ನು ಎಳೆದಾಡುತ್ತಾನೆ?

ಈ ವರ್ಷ ಆಚಾರ್ಯರಿಗೆ ಕೂತು ವಾದ ಮಾಡುವ ತ್ರಾಣವಿರಲಿಲ್ಲ. ಅವರನ್ನು ಮಧ್ಯಸ್ಥರೆಂದು, ಎಂದರೆ ಸೋಲು ಗೆಲುವು ಹೇಳುವ ಹಿರಿಯರೆಂದು, ಕುರ್ಚಿಯಲ್ಲಿ ಕೂರಿಸಿದ್ದರು. ಸಿದ್ಧಾಂತಿಯ ಮಣೆಗೆ ಬಂದವನು ಅವರ ಸೋದರಳಿಯ ಪ್ರಹ್ಲಾದ. ಮೈಸೂರಿನ ಕಡೆಯಿಂದ ಕೆಲಸಕ್ಕೆ ಬಂದು ಹೆಚ್ಚು ದಿನವಾಗಿಲ್ಲ. ಚುರುಕು ಮನುಷ್ಯ, ಸುಸಂಸ್ಕೃತ, ಮಾತಾಡಿದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತದೆ. ಅಡುಗೆಮನೆಯ ಉಸ್ತುವಾರಿಯೂ ಅವನದೇ. ವಾದಕ್ಕೆ ಮುಂಚೆ ನಾನು ನೀರು ಕುಡಿಯಲು ಒಳಗೆ ಹೋದಾಗ ವನಜಾ ಕೋಸಂಬರಿಯ ಪಾತ್ರೆ ಎತ್ತಿಕೊಂಡು ಹೊರಗೆ ತರುತ್ತಿದ್ದಳು. ಹೆಂಗಸರೆಲ್ಲ ಏನಾದರೊಂದು ಎತ್ತಿ ಇಡುತ್ತಿದ್ದರು, ಅವಳೂ ಎತ್ತಿದ್ದಳು.

"ಅಯ್ಯೋ ಅಕ್ಕಾವ್ರೇ, ನಿಮಗ್ಯಾಕೆ ಶ್ರಮ? ಕೆಳಗಿಡಿ, ಕೆಳಗಿಡಿ" ಎಂದು ಪ್ರಹ್ಲಾದ ಓಡಿ ಬಂದ.

"ಇದೇನು ಭಾರ ಪಾ? ಪರವಾಗಿಲ್ಲ" ಎಂದಳು ಅವಳು.

"ಬೇಡ ಅಕ್ಕಾವ್ರೇ, ಇಟ್ಬಿಡಿ."

ಅವಳು ನೆಲದ ಮೇಲಿಟ್ಟಳು. ಅವಳು ಕೈ ತೆಗೆದ ಮೇಲೆ ಅವನು ಪಾತ್ರೆಯನ್ನು ಎತ್ತಿಕೊಂಡ, ಹಿಡಿಯನ್ನು ಪಂಚೆಯ ಚುಂಗಿನಿಂದ ಒರೆಸಿದ. ಅವಳೂ ನೋಡಿದಳು, ನಾನೂ ನೋಡಿದೆ. ನೀರಿನ ಲೋಟವನ್ನು ಅಲ್ಲೇ ಇಟ್ಟು ಹೊರಗೆ ಬಂದೆ.

ವಾದ ಶುರುವಾಯಿತು. ನಾನು ಎಂದಿನಂತೆ ಅಬ್ಬರಿಸಿದೆ, ಜನ ಎಂದಿನಂತೆ ನಕ್ಕರು. ಮಹಡಿಯ ಊಟದ ವಾದಕ್ಕೆ ಮಕ್ಕಳು ಕೈ ತಟ್ಟಿದವು. ಆಮೇಲೆ ಪ್ರಹ್ಲಾದ ಕರ್ಮದ ಪ್ರಕರಣಕ್ಕೆ ಬಂದ. ಜಗತ್ತಿನಲ್ಲಿ ಕಾಣುವ ತಾರತಮ್ಯಕ್ಕೆ ಪೂರ್ವಕರ್ಮವೇ ಕಾರಣ ಎಂಬ ವಾದ ಅದು. ಆಚಾರ್ಯರು ಇಲ್ಲಿ ಯಾವಾಗಲೂ ಒಬ್ಬ ರಾಜ, ಒಬ್ಬ ಭಿಕ್ಷುಕ ಎಂಬ ಉದಾಹರಣೆ ಕೊಡುತ್ತಿದ್ದರು; ನಮ್ಮ ಸಭೆಯಲ್ಲಿ ರಾಜನೂ ಇಲ್ಲ, ಭಿಕ್ಷುಕನೂ ಇಲ್ಲ, ಯಾರಿಗೂ ತಾಗುತ್ತಿರಲಿಲ್ಲ. ಪ್ರಹ್ಲಾದನಿಗೆ ಹೊಸತು ಬೇಕಿತ್ತು.

"ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಅನ್ನ ಉಂಡವರು. ಒಬ್ಬರ ಚರ್ಮ ಶುದ್ಧವಾಗಿದೆ, ಇನ್ನೊಬ್ಬರ ಚರ್ಮದ ಮೇಲೆ ಕಲೆ. ಯಾಕೆ? ಈ ಜನ್ಮದಲ್ಲಿ ಕಾರಣ ಕಾಣೋದಿಲ್ಲ. ಅಂದ್ಮೇಲೆ ಹಿಂದಿನ ಜನ್ಮದ ಪಾಪವನ್ನ ಒಪ್ಪಲೇಬೇಕಲ್ವೇ? ಚಾರ್ವಾಕರೇ, ಉತ್ತರ ಇದೆಯೇ?"

ಅವನು ವನಜಾಳ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ತಲೆಗಳು ಅವಳ ಕಡೆ ತಿರುಗಿ, ನೋಡಬಾರದಿತ್ತು ಎಂದು ನೆನಪಾಗಿ, ಮತ್ತೆ ನನ್ನ ಕಡೆ ತಿರುಗಿದವು. ಗಂಟೆ ಹೊಡೆಯುವವನು ಹಗ್ಗ ಹಿಡಿದು ಕಾಯುತ್ತಿದ್ದ. ಸಾರಿನ ಒಗ್ಗರಣೆಯ ವಾಸನೆ ಬಂತು. ನಾನು ಹೇಳಬೇಕಾಗಿದ್ದದ್ದು ಒಂದೇ ಪದ.

"ಇದೆ" ಎಂದೆ.

ಪ್ರಹ್ಲಾದ ಮುಗುಳ್ನಕ್ಕ. "ಸರ್, ಇಲ್ಲಿ ನೀವು ನಿರುತ್ತರ ಅನ್ನಬೇಕು" ಎಂದು ಮೆಲ್ಲಗೆ ನೆನಪಿಸಿದ.

"ಗೊತ್ತು ಪಾ. ಅನ್ನಲ್ಲ. ನಾನು ದಿನಾ ಬೋಲ್ಟು ಅಳೀತೀನಿ. ಒಂದೇ ಕಬ್ಬಿಣ, ಒಂದೇ ಕುಲುಮೆ. ಒಂದರ ಮೈ ನುಣುಪಾಗಿರುತ್ತೆ, ಒಂದರ ಮೈಮೇಲೆ ಕಲೆ ಇರುತ್ತೆ. ನಾವು ಕುಲುಮೆ ಹತ್ರ ಹೋಗಿ ಏನಾಯ್ತು ಅಂತ ನೋಡ್ತೀವಿ. ಗೊತ್ತಾಗದೇ ಹೋದ್ರೆ, ಗೊತ್ತಾಗ್ಲಿಲ್ಲ ಅಂತ ಬರೀತೀವಿ. ಈ ಬೋಲ್ಟು ಹೋದ ಜನ್ಮದಲ್ಲಿ ಪಾಪ ಮಾಡಿತ್ತು ಅಂತ ಬರೆದ್ರೆ ನನ್ನನ್ನ ಅವತ್ತೇ ಮನೆಗೆ ಕಳಿಸ್ತಾರೆ."

ಮಕ್ಕಳು ನಕ್ಕವು. "ಬೋಲ್ಟು ಜಡ ಸರ್" ಎಂದ ಪ್ರಹ್ಲಾದ. "ಮನುಷ್ಯ ಚೇತನ. ಚೇತನಕ್ಕೆ ನ್ಯಾಯ ಇರುತ್ತೆ, ಕಾರಣ ಇಲ್ಲದೆ ದುಃಖ ಬರೋದಿಲ್ಲ."

"ನ್ಯಾಯವೇ? ಏನು ಅಪರಾಧ ಅಂತ ಹೇಳಲ್ಲ. ಮಾಡಿದವಳಿಗೆ ನೆನಪಿಲ್ಲ. ಸಾಕ್ಷಿ ಇಲ್ಲ. ಶಿಕ್ಷೆ ಮಾತ್ರ ಇದೆ! ಇಂಥ ನ್ಯಾಯ ಪೊಲೀಸ್ ಠಾಣೆಯಲ್ಲಿ ನಡೆದ್ರೆ ನಾವೆಲ್ಲ ಬಾಯಿ ಬಡ್ಕೋತೀವಿ, ಇಲ್ಲಿ ನಡೆದ್ರೆ ಗಂಟೆ ಹೊಡೀತೀವಿ. ಮತ್ತೆ, ಆ ಕಲೆ ದುಃಖ ಅಂತ ಯಾರು ಹೇಳಿದ್ದು? ಅದು ನೋಯಲ್ಲ. ನೋಯಿಸಿದ್ದು ನಾವು." ಇಷ್ಟು ಹೇಳುವಾಗ ನನ್ನ ಸ್ವರ ಎಲ್ಲಿಗೋ ಏರಿತ್ತು. ನಾನು ವೇಷದಲ್ಲಿ ಮಾತಾಡುತ್ತಿಲ್ಲ ಎಂದು ಜನಕ್ಕೆ ಅರ್ಥವಾಯಿತು.

ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ ಹಿರಿಯರು ಹಿಂದಿನಿಂದ, "ಏಯ್ ಸೀನು, ಸೀಕ್ರಂ ಸೋತ್ಬಿಡೋ, ಸಾರು ಆರ್ತಾ ಇದೆ!" ಎಂದರು. "ಶುಗರ್ ಇರೋರು ಇದ್ದೀವಿ ಇಲ್ಲಿ, ಬೇಗ ಬೇಗ" ಎಂದು ಇನ್ನೊಬ್ಬರು. ಹೆಂಗಸರ ಕಡೆಯಿಂದ, ಕನ್ನಡ ಅರ್ಥವಾದರೂ ಬಾಯಿಗೆ ತಮಿಳೇ ಬರುವ ನನ್ನ ಮಗಳು ಎದ್ದು ನಿಂತು "ಅಪ್ಪಾ, ತೋತ್ತುಡಾದೇ!" ಎಂದು ಕೂಗಿಬಿಟ್ಟಳು. ಸೋಲಬೇಡ ಎಂದು. ಅವಳಮ್ಮ ಅವಳ ದಾವಣಿ ಹಿಡಿದೆಳೆದು ಕೂರಿಸಿದಳು. ನಾನೇನು ಮಹಾ ಧೈರ್ಯಶಾಲಿಯಲ್ಲ, ನನ್ನ ಹೊಟ್ಟೆಯೂ ತಾಳ ಹಾಕುತ್ತಿತ್ತು. ಅಷ್ಟು ಜನರ ಹಸಿವು ಒಟ್ಟಿಗೆ ನನ್ನ ಕುತ್ತಿಗೆಯ ಮೇಲೆ ಕೂತಿತ್ತು. ತಮಾಷೆ ನೋಡಿ, ಪರಲೋಕ ಇದೆ ಎಂದು ಸಾಧಿಸಲು ಬಂದವರಿಗೆಲ್ಲ ಆ ಗಳಿಗೆಯಲ್ಲಿ ಬೇಕಾಗಿದ್ದದ್ದು ಅನ್ನ.

"ಸರಿ" ಎಂದೆ. "ಸೋಲ್ತೀನಿ. ಆ ಜನ್ಮದಲ್ಲಿ ಅವಳು ಮಾಡಿದ ಪಾಪವನ್ನ ನೋಡಿದವರು ಒಬ್ಬರು ಕೈ ಎತ್ತಿ. ಒಬ್ಬರು ಸಾಕು. ಅಡ್ಡ ಬೀಳ್ತೀನಿ."

ಯಾರೂ ಎತ್ತಲಿಲ್ಲ. ನಾನು ಕುರ್ಚಿಯ ಕಡೆ ತಿರುಗಿದೆ. "ಆಚಾರ್ರೇ, ನೀವು ನೋಡಿದ್ದೀರಾ?"

ಹಾಗೆ ಕೇಳಬಾರದಿತ್ತು ಎಂದು ಎಷ್ಟೋ ಜನ ಆಮೇಲೆ ನನಗೆ ಹೇಳಿದರು. ಗುರುಗಳನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಯೇ ಅದು? ಅದೇ ಪ್ರಶ್ನೆ ಕೇಳಲು ನನಗೆ ಕಲಿಸಿದವರು ಅವರು, ಇನ್ನು ಯಾರನ್ನು ಕೇಳಲಿ? ಶೇಷಾಚಾರ್ಯರು ಕನ್ನಡಕ ತೆಗೆದರು.

"ಇಲ್ಲಪ್ಪ. ನೋಡಿಲ್ಲ. ಕೇಳಿದ್ದೇನೆ."

"ಮಾವಾ, ನೀವೇ ಹೀಗಂದ್ರೆ ಹೇಗೆ?" ಎಂದ ಪ್ರಹ್ಲಾದ. ಅವನ ಮುಖ ಬಾಡಿತ್ತು.

"ಸುಳ್ಳು ಹೇಳು ಅಂತೀಯೇನೋ? ಈ ಕುರ್ಚಿ ಮೇಲೆ ಕೂತು?" ಎಂದು ಅವರು ಗದರಿದರು. ಆಮೇಲೆ ಸಭೆಗೆ ಹೇಳಿದರು. "ನನಗೆ ಶಾಸ್ತ್ರದಲ್ಲಿ ನಂಬಿಕೆ ಇದೆ. ಸಾಯೋವರೆಗೂ ಇರುತ್ತೆ. ಆದರೆ ವಾದದಲ್ಲಿ ನಾನು ಮಧ್ಯಸ್ಥ. ಪೂರ್ವಪಕ್ಷ ಇನ್ನೂ ನಿಂತಿದೆ. ಗಂಟೆ ಹೊಡೀಬೇಡಿ."

ಇಂಥದ್ದು ನಮ್ಮ ಸಭೆಯಲ್ಲಿ ಎಂದೂ ಆಗಿರಲಿಲ್ಲ, ಹಾಗಾಗಿ ಮುಂದೇನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಅನ್ನ ಬೆಂದಿದೆ, ಎಲೆ ತೊಳೆದಿದೆ, ಚಾರ್ವಾಕ ಸೋತಿಲ್ಲ. ಪ್ರಹ್ಲಾದ ಮಣೆಯ ಮೇಲೆ, ನಾನು ಮಣೆಯ ಮೇಲೆ, ನಡುವೆ ಹಗ್ಗ ಹಿಡಿದುಕೊಂಡು ಕಂಗಾಲಾದವನು. ಆಗ ಹೆಂಗಸರ ಸಾಲಿನಿಂದ ವನಜಾ ಎದ್ದಳು. ಯಾರನ್ನೂ ನೋಡಲಿಲ್ಲ, ನನ್ನನ್ನಂತೂ ನೋಡಲೇ ಇಲ್ಲ. ಊಟದ ಹಜಾರಕ್ಕೆ ನಡೆದು, ಎಲೆಯ ಕಟ್ಟಿನಿಂದ ಒಂದು ಬಾಳೆ ಎಲೆ ಎಳೆದು, ಮೊದಲ ಪಂಕ್ತಿಯ ಮೊದಲ ಜಾಗದಲ್ಲಿ ಹಾಸಿಕೊಂಡು, ನೀರು ಚಿಮುಕಿಸಿ ಕೂತಳು.

ಸ್ವಲ್ಪ ಹೊತ್ತು ಅವಳೊಬ್ಬಳೇ ಕೂತಿದ್ದಳು. ಆಮೇಲೆ ಕೋಲಿನ ಸದ್ದು ಕೇಳಿತು. ಶೇಷಾಚಾರ್ಯರು ಕುರ್ಚಿಯಿಂದ ಎದ್ದು, ನಿಧಾನವಾಗಿ ಹಜಾರ ದಾಟಿ, ಅವಳ ಪಕ್ಕದ ಜಾಗದಲ್ಲಿ ಗೋಡೆ ಹಿಡಿದು ಕೂತರು. ಅವಳು ಎದ್ದು ಅವರಿಗೂ ಒಂದು ಎಲೆ ಹಾಕಿದಳು. ಅದನ್ನು ನೋಡಿ ಶುಗರ್ ಇದ್ದವರು ಎದ್ದರು. ಅವರ ಹಿಂದೆ ಶುಗರ್ ಇಲ್ಲದವರು. ಕೆಲವರು ಹೊಟ್ಟೆ ಸರಿಯಿಲ್ಲ ಎಂದು ಮನೆಗೆ ಹೋದರು, ಹೋಗಲಿ. ಉಳಿದವರು ಕೂತು ಪಂಕ್ತಿ ತುಂಬಿತು. ಬಡಿಸುವವರು ಕಡಿಮೆಯಾದ್ದರಿಂದ ಪ್ರಹ್ಲಾದನೇ ಸಿದ್ಧಾಂತಿಯ ಶಾಲು ಕಳಚಿಟ್ಟು ತೊವ್ವೆಯ ಬಕೆಟ್ ಹಿಡಿಯಬೇಕಾಯಿತು. ವನಜಾಳ ಎಲೆಯ ಮುಂದೆ ಅವನು ಒಂದು ಕ್ಷಣ ನಿಂತ.

"ಹಾಕಿ ಪಾ" ಎಂದಳು ಅವಳು. "ಸಾಕು ಅಂದಾಗ ನಿಲ್ಲಿಸಿ."

ಅವನು ಹಾಕಿದ. ಅವಳು ಬೇಗ ಸಾಕು ಅ‌ನ್ನಲಿಲ್ಲ.

ನಾನು ಎದುರಿನ ಸಾಲಿನಲ್ಲಿ ಕೂತು ಗಂಟೆಯಿಲ್ಲದ ಊಟ ಉಂಡೆ. ಸಾರು ಆರಿಹೋಗಿತ್ತು. ಹೋಳಿಗೆ ಹೆಸರಿಗೆ ತಕ್ಕ ಹಾಗೇ ಇತ್ತು. ಕಾರ್ಯದರ್ಶಿಗಳು ಎಲೆಯ ಹತ್ತಿರ ಬಗ್ಗಿ, "ಈಗಾದ್ರೂ ಬಾಯ್ಮಾತಿಗೆ ಒಂದು ನಿರುತ್ತರ ಅಂದ್ಬಿಡಿ, ಸಂಪ್ರದಾಯ ಮುರೀಬಾರದು" ಎಂದರು. ಬಾಯಲ್ಲಿ ಹೋಳಿಗೆಯಿದ್ದದ್ದರಿಂದ ಬರೀ ತಲೆಯಾಡಿಸಿದೆ, ಆಗುವುದಿಲ್ಲ ಎಂದು.

ಹೆಂಡತಿ, ಮಗಳು ಪಾತ್ರೆಗಳ ಜೊತೆ ಯಾರದೋ ಕಾರಿನಲ್ಲಿ ಕ್ರೋಂಪೇಟೆಗೆ ಹೊರಟರು. ನಾನೂ ವನಜಾಳೂ ಮಾಂಬಲಂನಲ್ಲಿ ಲೋಕಲ್ ಟ್ರೈನು ಹಿಡಿದೆವು. ಅವಳು ಗಿಂಡಿಯಲ್ಲಿ ಇಳಿದು ಪೆರುಂಗುಡಿಗೆ ಹೋಗಬೇಕು. ಟ್ರೈನು ಖಾಲಿಯಿತ್ತು. ನಾನು ಅವಳು ಏನಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಸುಳ್ಳೇಕೆ, ಬೆನ್ನು ತಟ್ಟಲಿ ಎಂದು ಕಾಯುತ್ತಿದ್ದೆ. ಅವಳು ಸೈದಾಪೇಟೆ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

"ನನ್ನ ಪರ ವಾದ ಮಾಡು ಅಂತ ನಿನಗೆ ಯಾರು ಹೇಳಿದ್ದು?" ಎಂದಳು ಒಮ್ಮೆಲೇ.

"ಅವನು ಹಾಗೆ ಅಂದ ಮೇಲೆ ಸುಮ್ನಿರೋಕಾಗುತ್ತಾ ವನಜಾ?"

"ಅವನು ನನ್ನ ಹೆಸರು ಹೇಳದೆ ನನ್ನನ್ನ ಉದಾಹರಣೆ ಮಾಡಿದ. ನೀನು 'ಅವಳು, ಅವಳು' ಅಂತ ಬೆರಳು ತೋರಿಸಿ ಮಾಡಿದೆ. ಎಲ್ಲರೂ ಇನ್ನೊಂದು ಸಲ ತಿರುಗಿ ನೋಡಿದ್ರು. ನಾನು ನಿನ್ನ ಬೋಲ್ಟಾ?"

ಇಡೀ ಸಭೆಯ ಮುಂದೆ ಬಾಯಿ ಮುಚ್ಚದವನು ಅಲ್ಲಿ ಬಾಯಿ ಮುಚ್ಚಿದೆ. ಟ್ರೈನು ನದಿಯ ಸೇತುವೆ ದಾಟಿತು. ಅವಳು ನನ್ನ ಮುಖ ನೋಡಿದಳು, ನನ್ನ ಮುಖ ಹೇಗಿತ್ತೋ ಏನೋ, ಸ್ವಲ್ಪ ನಕ್ಕಳು. ಚೀಲದಿಂದ ಎಲೆ ಅಡಿಕೆ ತೆಗೆದು ನನಗೂ ಕೊಟ್ಟಳು. ನನಗೆ ಹೋದ ಜೀವ ಬಂದಂತಾಯಿತು.

"ಆದ್ರೂ ಇವತ್ತು ನಾವು ಸೋಲ್ಲಿಲ್ಲ ಅಲ್ವೇನೇ?" ಎಂದೆ.

ಗಿಂಡಿ ಬಂದಿತ್ತು. ಅವಳು ಎದ್ದು, ಬಾಗಿಲಿನ ಕಂಬಿ ಹಿಡಿದು, ತಿರುಗಿ ನಿಂತಳು.

"ನಾವು ಅನ್ಬೇಡ ಅಣ್ಣಾ. ವರ್ಷಾ ವರ್ಷಾ ಸೋತು ಅಡ್ಡ ಬಿದ್ದು ಬರ್ತಾ ಇದ್ದವನು ನೀನು. ನಾನು ಯಾವತ್ತು ಸೋತಿದ್ದೆ?"